ಆಟ ಕಟ್ಟಿದವರದೋ, ಆಡಿದವರದೋ?

ಕನ್ನಡದಲ್ಲಿ 'ಆಟ' ಎಂಬುದು ಬಹಳ ಉದಾರವಾದ ಶಬ್ದ. ಮಕ್ಕಳು ಓಣಿಯಲ್ಲಿ ಆಡುವ ಚಿನ್ನಿದಾಂಡು ಆಟ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಹಾಸುವ ಪಗಡೆ ಆಟ. ಬಣ್ಣ ಹಚ್ಚಿಕೊಂಡು ಬೆಳತನಕ ಕುಣಿಯುವ ದೊಡ್ಡಾಟ, ಸಣ್ಣಾಟಗಳೂ ಆಟ. ಈಗ ಕಂಪ್ಯೂಟರಿನ ಪರದೆಯ ಮೇಲೆ ಆಡುವುದಕ್ಕೂ ಅದೇ ಹೆಸರು ಬಂದಿದೆ. ಇವೆಲ್ಲಕ್ಕೂ ಒಂದೇ ಹೆಸರು ಒಪ್ಪುವುದಕ್ಕೆ ಕಾರಣವಿದೆ. ಪ್ರತಿಯೊಂದರಲ್ಲೂ ಒಂದು ಕಟ್ಟಳೆ ಇರುತ್ತದೆ. ಆ ಕಟ್ಟಳೆಯೊಳಗೆ ಆಡುವವನಿಗೆಂದು ಬಿಟ್ಟ ಒಂದಿಷ್ಟು ಜಾಗವೂ ಇರುತ್ತದೆ. ಆ ಜಾಗ ಎಷ್ಟಿರಬೇಕು, ಅದನ್ನು ಹಿಗ್ಗಿಸುವ ಹಕ್ಕು ಯಾರದು ಎಂಬುದು ಇಂದು ಜಗತ್ತಿನ ಕಂಪ್ಯೂಟರ್ ಆಟಗಳ ವ್ಯಾಪಾರದಲ್ಲಿ ದೊಡ್ಡ ಜಗಳ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಬಯಲಾಟದವರಿಗೆ ಮಾತ್ರ ಇದು ಹೊಸ ಪ್ರಶ್ನೆಯಲ್ಲ.

ವೇಷ ತೊಡುವ ಆಟ

ಕಂಪ್ಯೂಟರ್ ಆಟಗಳಲ್ಲಿ 'ರೋಲ್ ಪ್ಲೇಯಿಂಗ್' ಎಂಬ ಒಂದು ಜಾತಿ ಇದೆ. ಆಡುವವನು ಅದರಲ್ಲಿ ಒಂದು ಪಾತ್ರ ವಹಿಸುತ್ತಾನೆ. ಯೋಧನಾಗಬಹುದು, ಮಂತ್ರವಾದಿಯಾಗಬಹುದು, ಕಳ್ಳನೂ ಆಗಬಹುದು. ಇದರ ಮೂಲ ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತನ್ನು ತಾವೇ ಕಟ್ಟಿ ಆಡುತ್ತಾರೆ. ಏನಾಗುತ್ತದೆಂಬುದನ್ನು ದಾಳ ಮತ್ತು ಕಥೆ ನಡೆಸುವವನು ಸೇರಿ ತೀರ್ಮಾನಿಸುತ್ತಾರೆ. ಉತ್ತರ ಕರ್ನಾಟಕದ ಓದುಗ ಇದನ್ನು ಕೇಳಿದರೆ, ಕಥೆ ನಡೆಸುವವನನ್ನು ಭಾಗವತನೆಂದು ಕರೆದಾನು.

ಇಂಥ ಆಟ ಕಂಪ್ಯೂಟರಿಗೆ ಬಂದಾಗ ಮೊದಲು ಕಳೆದುಕೊಂಡದ್ದು ಮಾತಿನ ಸ್ವಾತಂತ್ರ್ಯವನ್ನು. ಯಂತ್ರಕ್ಕೆ ತಿಳಿದದ್ದು ಅದರಲ್ಲಿ ಬರೆದಿಟ್ಟಷ್ಟೇ. ಅದಕ್ಕೆ ಬದಲಾಗಿ ಅದು ಇನ್ನೊಂದನ್ನು ಕೊಟ್ಟಿತು: ಅಲೆಯುವ ಸ್ವಾತಂತ್ರ್ಯ. ಬೆಥೆಸ್ಡಾ ಎಂಬ ಅಮೆರಿಕನ್ ಸಂಸ್ಥೆ 1994ರಿಂದ ಹೊರತಂದ 'ಎಲ್ಡರ್ ಸ್ಕ್ರೋಲ್ಸ್' ಸರಣಿ ಇದಕ್ಕೆ ಹೆಸರಾಯಿತು. 1996ರ 'ಡ್ಯಾಗರ್‌ಫಾಲ್' ಆಟದ ನಾಡು ಗ್ರೇಟ್ ಬ್ರಿಟನ್ ದ್ವೀಪದಷ್ಟು ವಿಸ್ತಾರವೆಂದು ಸಂಸ್ಥೆ ಹೇಳಿಕೊಂಡಿತು. 2011ರ 'ಸ್ಕೈರಿಮ್' ಆಟದಲ್ಲಿ ಆಡುವವನು ಕಥೆಯ ಮೊದಲಿಗೆ ಕೈಕಟ್ಟಿದ ಕೈದಿ, ತಲೆ ಕಡಿಸಿಕೊಳ್ಳಲು ಬಂಡಿಯಲ್ಲಿ ಹೊರಟವನು. ಅಲ್ಲಿಂದ ಪಾರಾದ ಮೇಲೆ ಬೆಟ್ಟ, ಊರು, ಗವಿ ಎಲ್ಲಿಗೆ ಬೇಕಾದರೂ ಹೋಗಬಹುದು. ನಾಡನ್ನು ಕಾಡುವ ರೆಕ್ಕೆಯ ಸರ್ಪವನ್ನು ಕೊಲ್ಲುವುದು ಮುಖ್ಯ ಕಥೆ. ಆದರೆ ಆಡುವವನು ಹೂವು ಕೀಳುತ್ತ, ಮನೆ ಕಟ್ಟುತ್ತ ತಿಂಗಳು ಕಳೆದರೂ ಆ ಸರ್ಪ ತಾಳ್ಮೆಯಿಂದ ಕಾದಿರುತ್ತದೆ. ಹೀಗೆ ದಾರಿಯನ್ನು ಆಡುವವನಿಗೇ ಬಿಟ್ಟ ಆಟಗಳಿಗೆ 'ಓಪನ್ ವರ್ಲ್ಡ್', ಅಂದರೆ ತೆರೆದ ಲೋಕದ ಆಟಗಳು ಎಂದು ಹೆಸರು. 'ಬಯಲಾಟ' ಎಂಬ ನಮ್ಮ ಶಬ್ದ ಇದಕ್ಕಿಂತ ದೂರದ್ದೇನಲ್ಲ.

ಆದರೆ ಇಲ್ಲಿ ಎರಡು ಬಗೆಯ ಸ್ವಾತಂತ್ರ್ಯಗಳಿವೆ. ಇದ್ದದ್ದರಲ್ಲಿ ಬೇಕಾದುದನ್ನು ಆರಿಸಿಕೊಳ್ಳುವುದು ಒಂದು. ಇಲ್ಲದ್ದನ್ನು ಕಟ್ಟಿ ಸೇರಿಸುವುದು ಇನ್ನೊಂದು. ತೆರೆದ ಲೋಕ ಎಷ್ಟೇ ದೊಡ್ಡದಾಗಿದ್ದರೂ ಅದು ಕೊಡುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ 'ಮಾಡ್' ಎಂದು ಹೆಸರು. ಬದಲಾವಣೆ ಎಂಬ ಅರ್ಥದ ಇಂಗ್ಲಿಷಿನ 'ಮಾಡಿಫಿಕೇಶನ್' ಶಬ್ದದ ಮೊಟಕು ರೂಪ ಅದು. ನಮ್ಮ 'ಮಾಡು' ಎಂಬ ಕ್ರಿಯಾಪದಕ್ಕೂ ಅದಕ್ಕೂ ನಂಟಿಲ್ಲ. ಆದರೂ ಕೆಲಸ ಅದೇ. ಆಡುವವರೇ ಹೊಸ ಊರು, ಹೊಸ ವೇಷ, ಹೊಸ ಕಥೆಗಳನ್ನು ತಯಾರಿಸಿ ಮೂಲ ಆಟಕ್ಕೆ ಜೋಡಿಸುತ್ತಾರೆ. ಹೆಚ್ಚಿನವರು ಅದನ್ನು ಪುಕ್ಕಟೆಯಾಗಿ ಹಂಚುತ್ತಾರೆ. 1993ರ 'ಡೂಮ್' ಆಟವನ್ನು ಕಟ್ಟಿದವರು ಚಿತ್ರ, ನಕ್ಷೆ, ಸದ್ದುಗಳನ್ನು ಯಂತ್ರದ ಭಾಗದಿಂದ ಬೇರೆ ಕಡತದಲ್ಲಿ ಇಟ್ಟರು. ಆಡುವವರು ಮೂಲವನ್ನು ಕೆಡಿಸದೆ ತಮ್ಮದನ್ನು ಸೇರಿಸಲೆಂದೇ ಮಾಡಿದ ಏರ್ಪಾಡು ಅದು. 2002ರ 'ಮಾರೋವಿಂಡ್' ಆಟದ ಜೊತೆಗಂತೂ ಬೆಥೆಸ್ಡಾ ಲೋಕ ಕಟ್ಟುವ ಸಲಕರಣೆಯನ್ನೇ ಡಿಸ್ಕಿನಲ್ಲಿ ಹಾಕಿ ಕೊಟ್ಟಿತು.

ಸಾರಥಿಗೆ ಬಿಟ್ಟ ಜಾಗ

ಬಯಲಾಟದಲ್ಲಿ ಈ ಎರಡು ಸ್ವಾತಂತ್ರ್ಯಗಳು ಬೇರೆಯಾಗಿಯೇ ಇಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಹತ್ತಿರವಾದಾಗ ಊರವರು ಕೂಡಿ ಆಟವೊಂದನ್ನು ಆರಿಸುತ್ತಾರೆ. ಕಲಿಸುವ ಮಾಸ್ತರ ಬರುತ್ತಾನೆ. ಅವನ ಕೈಚೀಲದಲ್ಲಿ ಕೈಬರಹದ ಪ್ರತಿ ಇರುತ್ತದೆ. ಅವನ ಗುರುವಿನ ಪ್ರತಿಯನ್ನು ನೋಡಿ ಅವನು ಬರೆದುಕೊಂಡದ್ದು. ಹಗಲು ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಸೇರುತ್ತಾರೆ. ಒಬ್ಬನಿಗೆ ಹಾಡು ಹತ್ತದಿದ್ದರೆ ಮಾಸ್ತರ ಒಂದು ನುಡಿ ಕಡಿಮೆ ಮಾಡುತ್ತಾನೆ. ಇನ್ನೊಬ್ಬನ ಕಂಠ ಚೆನ್ನಾಗಿದ್ದರೆ ಒಂದು ಪದ ಕೂಡಿಸುತ್ತಾನೆ. ಆಟ ಅಟ್ಟದ ಮೇಲೆ ಬರುವಷ್ಟರಲ್ಲಿ ಅದು ಆ ಊರಿನ ಆಟವಾಗಿರುತ್ತದೆ.

ದೊಡ್ಡಾಟದ ಕಟ್ಟಳೆ ಬಿಗಿಯಾದದ್ದು. ಪದಗಳು ಗೊತ್ತಾದ ತಾಳಕ್ಕೆ ನಡೆಯಬೇಕು. ಪಾತ್ರ ಬರುವ ಕ್ರಮ, ಕುಣಿತ, ಕೊನೆಯ ಮಂಗಳ ಎಲ್ಲವೂ ನಿಶ್ಚಿತ. ಈ ಬಿಗಿಯ ನಡುವೆ ಸಾರಥಿ ಎಂಬ ಒಬ್ಬನನ್ನು ಸಡಿಲು ಬಿಟ್ಟಿದ್ದಾರೆ. ಅಟ್ಟಕ್ಕೆ ಬಂದ ಪ್ರತಿ ರಾಜನನ್ನೂ ರಾಕ್ಷಸನನ್ನೂ ತಡೆದು, ನೀವು ಯಾರು, ಎಲ್ಲಿಯವರು, ಏನು ಕಾರಣ ಬಂದಿರಿ ಎಂದು ಕೇಳುವುದು ಅವನ ಕೆಲಸ. ಈ ಮಾತಿಗೆ ಬರೆದ ಪ್ರತಿಯ ಹಂಗಿಲ್ಲ. ಊರಿನ ಬಾವಿ ಬತ್ತಿದ್ದನ್ನು, ಸಾಹುಕಾರನ ಬಡ್ಡಿಯನ್ನು, ಮುಂದೆ ಕೂತ ಗೌಡರ ಮೀಸೆಯನ್ನು ಅವನು ದ್ವಾಪರಯುಗದ ನಡುವೆ ಎಳೆದು ತರಬಲ್ಲ. ಜನ ನಗುವವರೆಗೆ ಯುದ್ಧ ಕಾಯುತ್ತದೆ. ಸ್ಕೈರಿಮ್‌ನ ಸರ್ಪ ಕಾದ ಹಾಗೆಯೇ.

ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯಲ್ಲಿ ಇದೇ ಸಂಗತಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯಗಳು ಕವಿಯವು, ಅರ್ಥ ಹೇಳುವವನ ಮಾತು ಅವನದೇ, ಅದೂ ಆ ಗಳಿಗೆಗೆ ಹುಟ್ಟಿದ್ದು. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಅದನ್ನು ಯಾರೂ ಬದಲಿಸುವಂತಿಲ್ಲ. ಆದರೆ ಸಾಯುವ ಮೊದಲು ಅವನು ರಾಮನಿಗೆ ಹಾಕುವ ಪ್ರಶ್ನೆಗಳು ಪ್ರತಿ ರಾತ್ರಿ ಬೇರೆಯಾಗಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಹೆಸರಾದದ್ದು ಕಥೆಯ ಕೊನೆಯನ್ನು ಮುರಿದು ಅಲ್ಲ, ಆ ಕೊನೆಗೆ ಹೋಗುವ ದಾರಿಯಲ್ಲಿ ಹೊಸ ವಾದ ಹೂಡಿ. ಕಟ್ಟಳೆ ಇಲ್ಲದಿದ್ದರೆ ಅಂಥ ವಾದಕ್ಕೆ ಬೆಲೆಯೂ ಇರುತ್ತಿರಲಿಲ್ಲ.

ಇಬ್ಬರು ತಮ್ಮಣ್ಣರು

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ತಿದ್ದಿ ಬೆಳೆಸಿದ್ದಕ್ಕೆ ಉತ್ತರ ಕರ್ನಾಟಕದಲ್ಲಿ ಅತ್ಯುತ್ತಮ ಸಾಕ್ಷಿ ಶ್ರೀಕೃಷ್ಣ ಪಾರಿಜಾತ. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಸಿಟ್ಟಾಗುತ್ತಾಳೆ, ಕೃಷ್ಣ ಅವಳ ಬಾಗಿಲಲ್ಲಿ ನಿಂತು ಬೇಡಿಕೊಳ್ಳಬೇಕಾಗುತ್ತದೆ. ಕಥೆ ಇಷ್ಟೇ. ಇದನ್ನು ಹಾಡುಗಬ್ಬವಾಗಿ ಕಟ್ಟಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಕೂಡಿಸಿ, ರಂಗದ ಮೇಲೆ ಆಡಲು ಒಗ್ಗಿಸಿದವನು ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆದದ್ದರಿಂದ ಯಾವುದು ಯಾರದು ಎಂದು ಬೇರ್ಪಡಿಸುವುದು ವಿದ್ವಾಂಸರಿಗೆ ಕೆಲಸವಾಯಿತು. ಮುಂದೆ ಕೌಜಲಗಿ ನಿಂಗಮ್ಮ ಪಾರಿಜಾತಕ್ಕೆ ದೊಡ್ಡ ಹೆಸರು ತಂದಳು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವ ರೂಢಿ ಇದ್ದ ಬಯಲಾಟದಲ್ಲಿ ಹೆಣ್ಣುಮಗಳೊಬ್ಬಳು ಹಾಗೆ ಮುಂದೆ ಬಂದದ್ದು ಆಟಕ್ಕೆ ಆದ ಬದಲಾವಣೆಗಳಲ್ಲೆಲ್ಲ ದೊಡ್ಡದು.

ಪಾರಿಜಾತದ ಪದಗಳು ಬಾಯಿಪಾಠ. ಆದರೆ ಪದ ಪದದ ನಡುವೆ ಸತ್ಯಭಾಮೆ ಮತ್ತು ದೂತಿಯ ಸಂವಾದವಿದೆ, ಭಾಗವತನ ಕೀಟಲೆಯಿದೆ. ಜನ ನೋಡಬಂದದ್ದು ಬಹುಮಟ್ಟಿಗೆ ಅದನ್ನೇ. ಕಥೆ ಎಲ್ಲರಿಗೂ ಗೊತ್ತು. ಇವತ್ತಿನ ದೂತಿ ಏನು ಕೇಳುತ್ತಾಳೆಂಬುದು ಯಾರಿಗೂ ಗೊತ್ತಿಲ್ಲ.

ಸಾಂಗಲಿಗೆ ಹೋಗಿ ಬಂದ ಆಟ

ಆಟಕ್ಕೆ ಕೈ ಹಾಕಿದವರು ಅದನ್ನು ಎಷ್ಟು ದೂರ ಒಯ್ಯಬಲ್ಲರು ಎಂಬುದಕ್ಕೆ ಗಡಿಯಾಚೆಯ ಒಂದು ಉದಾಹರಣೆ ಇದೆ. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳದವರು 1842ರ ಸುಮಾರಿಗೆ ಸಾಂಗಲಿಗೆ ಹೋಗಿ ಆಟ ಆಡಿದರು. ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಅದನ್ನು ನೋಡಿ, ಮರಾಠಿಯಲ್ಲೂ ಇಂಥದೊಂದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಂದಿನಿಂದ. ಮುಂದೆ ಮರಾಠಿ ಕಂಪನಿಗಳು ಧಾರವಾಡ, ವಿಜಾಪುರ, ಬೆಳಗಾವಿಗಳಲ್ಲಿ ಮೆರೆಯತೊಡಗಿದಾಗ, ಅದಕ್ಕೆ ಎದುರಾಗಿ 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಕನ್ನಡದ ಆಟ ಮರಾಠಿ ನಾಟಕವಾಗಿ, ಆ ನಾಟಕ ಕನ್ನಡದ ಕಂಪನಿ ನಾಟಕವಾಗಿ ಮನೆಗೆ ಮರಳಿತು.

ಕಂಪ್ಯೂಟರ್ ಆಟಗಳಲ್ಲೂ ಹೀಗೆಯೇ ಆಗಿದೆ. ಒಂದು ಕಾಲಕ್ಕೆ ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಮುಗಿಬಿದ್ದು ಆಡುತ್ತಿದ್ದ 'ಕೌಂಟರ್ ಸ್ಟ್ರೈಕ್' ಮೊದಲು ಒಂದು ಮಾಡ್. 'ಹಾಫ್ ಲೈಫ್' ಎಂಬ ಆಟವನ್ನು ಮಾರ್ಪಡಿಸಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ಅದನ್ನು ಹಂಚಿದರು. ಮರುವರ್ಷ ಮೂಲ ಆಟದ ಒಡೆಯರೇ ಅದನ್ನು ಕೊಂಡರು. ಆಸ್ಟ್ರೇಲಿಯದಲ್ಲಿ ವಕೀಲನಾಗಿದ್ದ ನಿಕ್ ಪಿಯರ್ಸ್ 2015ರಲ್ಲಿ ಸ್ಕೈರಿಮ್‌ಗೆ ಜೋಡಿಸಿದ 'ಫರ್ಗಾಟನ್ ಸಿಟಿ' ಎಂಬ ಕಥೆಗೆ ಆ ದೇಶದ ಲೇಖಕರ ಸಂಘದ ಪ್ರಶಸ್ತಿ ಬಂತು. 2021ರಲ್ಲಿ ಅದು ಸ್ವತಂತ್ರ ಆಟವಾಗಿ ಹೊರಬಿತ್ತು.

ಕರ್ನಾಟಕದ ಹುಡುಗರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 2017ರಲ್ಲಿ ಇಂಡೋನೇಷ್ಯದಿಂದ ಬಂದ ಬಸ್ ಓಡಿಸುವ ಮೊಬೈಲ್ ಆಟವೊಂದು ಆಡುವವರಿಗೆ ತಮ್ಮದೇ ಬಸ್ಸು, ತಮ್ಮದೇ ಬಣ್ಣ ಹಾಕಲು ಅನುವು ಮಾಡಿಕೊಟ್ಟಿತು. ಆ ದೇಶದ ರಸ್ತೆಗಳಲ್ಲಿ ನಮ್ಮ ಸರಕಾರಿ ಸಾರಿಗೆಯ ಬಸ್ಸುಗಳು ಓಡತೊಡಗಿದವು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ 'ಮೈನ್‌ಕ್ರಾಫ್ಟ್' ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದು ಆಟದ ಅಭಿಮಾನಿಗಳು ಸಂಬಳವಿಲ್ಲದೆ ಮಾಡಿದ ಅನುವಾದ. ಕಟ್ಟಿದವರು ಒಂದು ಕಿಂಡಿ ಬಿಟ್ಟಿದ್ದರು. ಅದರಿಂದ ಕನ್ನಡ ಒಳಗೆ ಹೋಯಿತು.

ದುಡ್ಡು ಮತ್ತು ಹೆಸರು

ಆದರೆ ಪುಕ್ಕಟೆಯ ದುಡಿಮೆಯ ಮೇಲೆ ವ್ಯಾಪಾರದ ಕಣ್ಣು ಬಿದ್ದಾಗ ಸಂಬಂಧ ಕೆಡುತ್ತದೆ. 2006ರಲ್ಲಿ ಬೆಥೆಸ್ಡಾ ತನ್ನ 'ಒಬ್ಲಿವಿಯನ್' ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಇಂಥ ಸಿಂಗಾರವನ್ನು ಆಡುವವರೇ ಮಾಡಿ ಪುಕ್ಕಟೆ ಹಂಚುತ್ತಿದ್ದ ಕಾಲದಲ್ಲಿ ಅದು ನಗೆಪಾಟಲಾಯಿತು. 2015ರ ಏಪ್ರಿಲ್ 23ರಂದು ಸ್ಕೈರಿಮ್‌ನ ಮಾಡ್‌ಗಳನ್ನು ಮಾರುವ ವ್ಯವಸ್ಥೆ ಆರಂಭವಾಯಿತು. ಬಂದ ಹಣದಲ್ಲಿ ಮಾಡ್ ಮಾಡಿದವನಿಗೆ ನೂರಕ್ಕೆ 25. ಉಳಿದ 75 ಮಾರುಕಟ್ಟೆ ನಡೆಸುವ ಸಂಸ್ಥೆಗೆ ಮತ್ತು ಆಟದ ಒಡೆಯರಿಗೆ. ಒಬ್ಬನ ಮಾಡ್‌ನಲ್ಲಿ ಇನ್ನೊಬ್ಬನ ಕೆಲಸ ಸೇರಿದೆಯೆಂಬ ತಕರಾರು ಕೂಡಲೇ ಎದ್ದಿತು. ಪುಕ್ಕಟೆ ಇದ್ದಾಗ ಕೈಗಡವಾಗಿ ನಡೆಯುತ್ತಿದ್ದದ್ದು, ದುಡ್ಡು ಬಂದೊಡನೆ ಕಳವಾಗಿ ಕಂಡಿತು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಏಪ್ರಿಲ್ 27ಕ್ಕೆ ಆ ವ್ಯವಸ್ಥೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹಾಗೆಂದು ಮಾಡ್ ಮಾಡುವವನಿಗೆ ಏನೂ ಸಿಗಬಾರದೆಂದಲ್ಲ. ನಮ್ಮ ಸೀಮೆಯ ಲಾವಣಿಕಾರರು ಈ ತೊಡಕಿಗೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಹರದೇಸಿ–ನಾಗೇಸಿ ಮೇಳಗಳಲ್ಲಿ ಒಂದು ಪಕ್ಷ ಹಾಡಿನಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡುತ್ತದೆ. ದಾಟಿಯನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಹಾಡಿನ ಕೊನೆಗೆ ಕಟ್ಟಿದವನ ಊರು ಮತ್ತು ಹೆಸರು ಬರುತ್ತದೆ. ಹಾಡು ಎಲ್ಲಿಗೆ ಹೋದರೂ ಹೆಸರು ಅದರ ಬೆನ್ನಿಗಿರುತ್ತದೆ. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಹೆಸರು ಹೀಗೆ ಲಾವಣಿಗಳ ಮೂಲಕವೇ ಊರೂರು ತಿರುಗಿತ್ತು. ಅದೇ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, 1930ರ ದಶಕದಲ್ಲಿ 'ಗರತಿಯ ಹಾಡು', 'ಜೀವನ ಸಂಗೀತ'ಗಳನ್ನು ಅಚ್ಚು ಹಾಕಿಸಿ ಜನಪದದ ಮಾತನ್ನು ಅಳಿಯದಂತೆ ಉಳಿಸಿದರು. ಪುಸ್ತಕ ಹಾಡನ್ನು ಕಾಪಾಡುತ್ತದೆ. ಆದರೆ ಅದರಲ್ಲಿ ನಿಲ್ಲುವುದು ಹಲವು ಪಾಠಗಳಲ್ಲಿ ಒಂದು ಮಾತ್ರ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಅಚ್ಚಾದ ಮೇಲೂ ತನ್ನ ತವರಿನ ಹೆಸರನ್ನು ಹಾಡಿಗೆ ಕೂಡಿಸುವುದನ್ನು ಬಿಡಲಿಲ್ಲ.

ಹೊಣೆ ಯಾರ ಮೇಲೆ?

ಸಡಿಲು ಬಿಟ್ಟ ಮಾತು ಕೆಲವೊಮ್ಮೆ ಎಲ್ಲೆ ಮೀರುತ್ತದೆ. ಪಾರಿಜಾತಕ್ಕಿಂತ ಹಿಂದಿನ ದಾಸರಾಟದಲ್ಲಿ ಬಹುಪಾಲು ಮಾತು ಆಶುವಾಗಿ ಹುಟ್ಟುತ್ತಿತ್ತು. ಅದು ಅಶ್ಲೀಲಕ್ಕೆ ಇಳಿಯುತ್ತದೆಂದು ಮರ್ಯಾದಸ್ಥರು ಮೂಗು ಮುರಿದರು. ಒಬ್ಲಿವಿಯನ್‌ಗೂ ಇದೇ ಗತಿಯಾಯಿತು. ಆಡುವವರು ಮಾಡಿದ ಒಂದು ಮಾಡ್ ಪಾತ್ರಗಳನ್ನು ಅರೆಬೆತ್ತಲೆ ಮಾಡಿತೆಂಬುದೂ ಒಂದು ಕಾರಣವಾಗಿ, 2006ರಲ್ಲಿ ಅಮೆರಿಕದ ಶ್ರೇಣೀಕರಣ ಮಂಡಳಿ ಆ ಆಟವನ್ನು ಹದಿಹರೆಯದವರ ವರ್ಗದಿಂದ ತೆಗೆದು ವಯಸ್ಕರ ವರ್ಗಕ್ಕೆ ಹಾಕಿತು. ಆಡುವವರ ಕೆಲಸಕ್ಕೆ ಕಟ್ಟಿದವರು ಉತ್ತರ ಹೇಳಬೇಕಾಯಿತು.

ಆದರೆ ಎಲ್ಲೆ ಎಳೆಯುವವನು ಯಾವಾಗಲೂ ನೀತಿಗಾಗಿಯೇ ಎಳೆಯುತ್ತಾನೆಂದು ನಂಬುವಂತಿಲ್ಲ. 1876ರಲ್ಲಿ ಬ್ರಿಟಿಷ್ ಸರಕಾರ ನಾಟಕ ಪ್ರದರ್ಶನ ಕಾಯಿದೆ ತಂದು, ರಾಜದ್ರೋಹವೆಂದೋ ಅಶ್ಲೀಲವೆಂದೋ ತನಗೆ ತೋರಿದ ಆಟವನ್ನು ನಿಷೇಧಿಸುವ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. ಬರೆದ ನಾಟಕವನ್ನಾದರೆ ಅಧಿಕಾರಿ ತರಿಸಿ ಓದಬಹುದು. ಗಳಿಗೆಗೊಂದು ಹುಟ್ಟುವ ಸಾರಥಿಯ ಮಾತನ್ನು ಮೊದಲೇ ಓದುವುದು ಹೇಗೆ? ಆ ಕಾಯಿದೆಯನ್ನು ಭಾರತದ ಸಂಸತ್ತು ರದ್ದುಪಡಿಸಿದ್ದು 2017ರಲ್ಲಿ, ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷಗಳ ಮೇಲೆ.

ಮುಚ್ಚುವ ಬಾಗಿಲು

ಇಂದು ಆಟಗಾರರನ್ನು ಕಾಡುತ್ತಿರುವ ಭಯ ಬೇರೆ. ಹೊಸ ಆಟಗಳಲ್ಲಿ ಅನೇಕವು ಕಂಪನಿಯ ಸರ್ವರಿಗೆ ಜೋಡಿಸಿಕೊಂಡೇ ನಡೆಯುತ್ತವೆ. ಹಣ ಕೊಟ್ಟು ಕೊಂಡರೂ ಆಟ ಮನೆಯಲ್ಲಿರುವುದಿಲ್ಲ. 'ದ ಕ್ರೂ' ಎಂಬ ಆಟದಲ್ಲಿ ಇಡೀ ಅಮೆರಿಕದ ರಸ್ತೆಗಳಲ್ಲಿ ಕಾರು ಓಡಿಸಿ ಅಲೆಯಬಹುದಿತ್ತು. 2014ರಲ್ಲಿ ಬಂದ ಆ ಆಟದ ಸರ್ವರುಗಳನ್ನು ಯೂಬಿಸಾಫ್ಟ್ ಸಂಸ್ಥೆ 2024ರ ಮಾರ್ಚ್ 31ರಂದು ನಿಲ್ಲಿಸಿತು. ಕೊಂಡವರ ಕೈಯಲ್ಲಿ ಉಳಿದದ್ದು ನಡೆಯದ ಡಿಸ್ಕು. ಮಾರಿದ ಆಟವನ್ನು ಹೀಗೆ ಸಾಯಿಸಬಾರದೆಂದು ಹೂಡಿದ ಚಳವಳಿಗೆ ಯುರೋಪಿನಲ್ಲಿ 2025ರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಇತ್ತ ಮಾರೋವಿಂಡ್ ಬಂದು ಎರಡು ದಶಕ ಕಳೆದರೂ ಆಡುವವರು ಅದಕ್ಕೆ ಹೊಸ ಊರುಗಳನ್ನು ಕಟ್ಟುತ್ತಲೇ ಇದ್ದಾರೆ. ಒಂದನ್ನು ಆಡುವವರ ಕೈಗೆ ಕೊಡಲಾಗಿತ್ತು, ಇನ್ನೊಂದನ್ನು ಕೊಟ್ಟಿರಲಿಲ್ಲ.

ಬಯಲಾಟಕ್ಕೆ ಬಂದ ಕಷ್ಟ ಬೇರೆ ಬಗೆಯದು. ಸಿನಿಮಾ, ಟಿ.ವಿ., ಮೊಬೈಲುಗಳ ನಡುವೆ ತಿಂಗಳುಗಟ್ಟಲೆ ತಾಲೀಮಿಗೆ ಕೂಡುವ ತರುಣರು ಕಡಿಮೆಯಾಗಿದ್ದಾರೆ. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ಪ್ರಶಸ್ತಿ, ಮಾಸಾಶನಗಳೂ ಇವೆ. ಹಳೆಯ ಆಟಗಳ ಧ್ವನಿಮುದ್ರಣ ಆಗಿದೆ, ವಿಡಿಯೊಗಳೂ ಸಿಗುತ್ತವೆ. ಅವು ಬೇಕು. ಆದರೆ ವಿಡಿಯೊದಲ್ಲಿರುವ ಸಾರಥಿ ಪ್ರತಿ ಸಲ ಅದೇ ನಗೆಮಾತು ಆಡುತ್ತಾನೆ. ಈ ವರ್ಷ ನಮ್ಮೂರಿನ ಬಾವಿ ಬತ್ತಿದ್ದು ಅವನಿಗೆ ತಿಳಿಯುವುದಿಲ್ಲ. ಆಟ ಉಳಿಯಬೇಕಾದರೆ ಅದನ್ನು ತನ್ನದೆಂದು ತಿದ್ದುವ ಒಬ್ಬ ಮಾಸ್ತರ, ಅವನೆದುರು ಕೂತು ಕಲಿಯುವ ನಾಲ್ಕು ಜನ ಬೇಕು.

ಇಂದಿಗೂ ಕೆಲವು ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಪಾರಿಜಾತ ನಡೆಯುತ್ತದೆ. ಸತ್ಯಭಾಮೆ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಾಳೆ, ಕೃಷ್ಣ ಹೊರಗೆ ನಿಂತು ಮಾತಿಗೆ ಮಾತು ಹುಡುಕುತ್ತಾನೆ. ಬೆಳಗಿನ ಜಾವ ಮಂಗಳವಾದ ಮೇಲೆ ಮಾಸ್ತರ ತನ್ನ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾನೆ. ರಾತ್ರಿ ಜನ ಮೆಚ್ಚಿದ ಮಾತೊಂದಿದ್ದರೆ, ಮುಂದಿನ ಊರಿಗೆ ಹೋಗುವ ಮೊದಲು ಅದನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಾನೆ.